ಡೆಸ್ಕ್‌ಟಾಪ್ ಪ್ರೊಸೆಸರ್ ಸಾಕೇ, ಸರ್ವರ್ ಪ್ರೊಸೆಸರ್ ಬೇಕೇ?

ಹೊಸದಾಗಿ ಕಂಪ್ಯೂಟರ್ ಜೋಡಿಸಿಕೊಳ್ಳಬಯಸುವವರ ಮುಂದೆ ಇಂದು ಎರಡು ಬಗೆಯ ಪ್ರೊಸೆಸರ್‌ಗಳಿವೆ. ಇಂಟೆಲ್ ಕಂಪನಿಯ ಕೋರ್ ಸರಣಿ ಹಾಗೂ ಎಎಂಡಿ ಕಂಪನಿಯ ರೈಜೆನ್ ಸರಣಿಗಳು ಒಬ್ಬರು ಕುಳಿತು ಬಳಸುವ ಡೆಸ್ಕ್‌ಟಾಪ್ ಕಂಪ್ಯೂಟರಿಗೆಂದು ತಯಾರಾದವು. ಇಂಟೆಲ್ 1998ರಿಂದ ಮಾರುತ್ತಿರುವ ಜಿಯಾನ್ ಮತ್ತು ಎಎಂಡಿ 2017ರಲ್ಲಿ ಹೊರತಂದ ಎಪಿಕ್ ಸರಣಿಗಳು ಸರ್ವರ್‌ಗೆಂದು, ಅಂದರೆ ಜಾಲದ ಮೂಲಕ ಬರುವ ನೂರಾರು ಮಂದಿಯ ಕೋರಿಕೆಗಳನ್ನು ಪೂರೈಸುತ್ತ ಹಗಲಿರುಳು ನಡೆಯಬೇಕಾದ ಯಂತ್ರಕ್ಕೆಂದು ರೂಪುಗೊಂಡವು. ಈ ಎರಡನೆಯ ಬಗೆ ಬಹುಕಾಲ ಸಾಮಾನ್ಯ ಗ್ರಾಹಕರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಆದರೆ ದತ್ತಾಂಶ ಕೇಂದ್ರಗಳು ಕೆಲವು ವರ್ಷ ದುಡಿಸಿ ಬದಲಾಯಿಸಿದ ಸರ್ವರ್‌ಗಳ ಬಿಡಿಭಾಗಗಳು ಈಗ ಆನ್‌ಲೈನ್ ಮಳಿಗೆಗಳಿಗೂ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಂಪ್ಯೂಟರ್ ಪೇಟೆಗಳಿಗೂ ಬರತೊಡಗಿರುವುದರಿಂದ, 14 ಕೋರ್‌ಗಳ ಜಿಯಾನ್ ಒಂದು ಹೊಸ ಡೆಸ್ಕ್‌ಟಾಪ್ ಪ್ರೊಸೆಸರಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆಂಬ ಆಮಿಷ ವಿದ್ಯಾರ್ಥಿಗಳನ್ನೂ ಸಣ್ಣ ಸ್ಟುಡಿಯೊಗಳನ್ನೂ ಸೆಳೆಯುತ್ತಿದೆ. ಈ ಆಯ್ಕೆಯಲ್ಲಿ ಬಹಳ ಮಂದಿ ಎಡವುವುದು ಪ್ರೊಸೆಸರನ್ನು ಬಿಡಿವಸ್ತುವೆಂದು ಭಾವಿಸುವುದರಿಂದ. ಯಾವ ಪ್ರೊಸೆಸರ್ ಎಂದು ನಿರ್ಧರಿಸಿದ ಕ್ಷಣದಲ್ಲೇ ಯಾವ ಮದರ್‌ಬೋರ್ಡ್, ಯಾವ ಮೆಮೊರಿ, ಎಷ್ಟು ವಿದ್ಯುತ್, ಎಷ್ಟು ಸದ್ದು, ಮುಂದೆ ಯಾವ ತಂತ್ರಾಂಶ ಎಂಬ ಪ್ರಶ್ನೆಗಳಿಗೂ ಉತ್ತರ ನಿಗದಿಯಾಗಿಬಿಡುತ್ತದೆ.

ಒಂದೇ ಸಿಲಿಕಾನ್, ಎರಡು ರೂಪ

ಸರ್ವರ್ ಪ್ರೊಸೆಸರ್ ಎಂದರೆ ಡೆಸ್ಕ್‌ಟಾಪ್ ಪ್ರೊಸೆಸರಿಗಿಂತ ಮೇಲ್ದರ್ಜೆಯ, ಎಲ್ಲ ಕೆಲಸಗಳಲ್ಲೂ ಹೆಚ್ಚು ವೇಗದ ವಸ್ತು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಲು 2022ರಲ್ಲಿ ಎಎಂಡಿ ಬಿಡುಗಡೆ ಮಾಡಿದ ಎರಡು ಪ್ರೊಸೆಸರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಒಂದು ಡೆಸ್ಕ್‌ಟಾಪಿನ ರೈಜೆನ್ 9 7950ಎಕ್ಸ್. ಇನ್ನೊಂದು ಸರ್ವರಿನ ಎಪಿಕ್ 9654. ಎರಡರಲ್ಲೂ ಗಣನೆ ನಡೆಸುವ ಭಾಗ ಒಂದೇ ವಿನ್ಯಾಸದ್ದು: ಎಂಟು ಕೋರ್‌ಗಳಿರುವ ಸಿಲಿಕಾನ್ ತುಣುಕು. ಕೋರ್ ಎಂದರೆ ಆದೇಶಗಳನ್ನು ಸ್ವತಂತ್ರವಾಗಿ ನಡೆಸಬಲ್ಲ ಘಟಕ. ಇಂಥ ಎರಡು ತುಣುಕುಗಳನ್ನು ಜೋಡಿಸಿದರೆ 16 ಕೋರ್‌ಗಳ ರೈಜೆನ್, ಹನ್ನೆರಡನ್ನು ಜೋಡಿಸಿದರೆ 96 ಕೋರ್‌ಗಳ ಎಪಿಕ್. ವ್ಯತ್ಯಾಸ ಇರುವುದು ಈ ತುಣುಕುಗಳನ್ನು ಹೊರಜಗತ್ತಿಗೆ ಬೆಸೆಯುವ ನಡುವಿನ ಇನ್ನೊಂದು ತುಣುಕಿನಲ್ಲಿ ಮತ್ತು ಒಂದೊಂದು ಕೋರ್‌ಗೆ ಎಷ್ಟು ವಿದ್ಯುತ್ತನ್ನು ಹಂಚಲಾಗಿದೆ ಎಂಬುದರಲ್ಲಿ.

ರೈಜೆನ್‌ನ ಘೋಷಿತ ಶಾಖಮಿತಿ 170 ವ್ಯಾಟ್, ಎಪಿಕ್‌ನದು 360 ವ್ಯಾಟ್. ಶಾಖಮಿತಿ ಎಂದರೆ ಪ್ರೊಸೆಸರಿನಿಂದ ತಂಪುಕಾರಕ ಹೊರತೆಗೆಯಬೇಕಾದ ಶಾಖದ ಅಳತೆ. ವಿದ್ಯುತ್ ಬಳಕೆಯ ಸ್ಥೂಲ ಅಂದಾಜಿಗೂ ಅದನ್ನೇ ಹಿಡಿಯುವುದು ರೂಢಿ. ಕೋರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಡೆಸ್ಕ್‌ಟಾಪಿನ ಪ್ರತಿ ಕೋರ್‌ಗೆ ಹತ್ತೂವರೆ ವ್ಯಾಟ್‌ನಷ್ಟು ದಕ್ಕುತ್ತದೆ, ಸರ್ವರಿನ ಪ್ರತಿ ಕೋರ್‌ಗೆ ನಾಲ್ಕು ವ್ಯಾಟ್ ಕೂಡ ದಕ್ಕುವುದಿಲ್ಲ. ಇದರ ಪರಿಣಾಮ ವೇಗದಲ್ಲಿ ಕಾಣುತ್ತದೆ: ರೈಜೆನ್ 5.7 ಗಿಗಾಹರ್ಟ್ಸ್‌ವರೆಗೆ ಏರಬಲ್ಲದು, ಎಪಿಕ್ 3.7ಕ್ಕೆ ನಿಲ್ಲುತ್ತದೆ. ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಒಂದೇ ವಿನ್ಯಾಸದ ಎರಡು ಕೋರ್‌ಗಳ ನಡುವೆ ಹೆಚ್ಚು ಮಿಡಿತದ್ದು ಅಷ್ಟೇ ಬೇಗ ಕೆಲಸ ಮುಗಿಸುತ್ತದೆ, ಆದರೆ ಬೇರೆ ಬೇರೆ ಪೀಳಿಗೆಯ ಕೋರ್‌ಗಳ ನಡುವೆ ಈ ಹೋಲಿಕೆಗೆ ಅರ್ಥವಿಲ್ಲವೆಂಬುದನ್ನು ಮರೆಯುವಂತಿಲ್ಲ. ಹೀಗಾಗಿ ಒಂದೇ ಕೋರ್ ಬೇಡುವ ಕೆಲಸವನ್ನು ಕೊಟ್ಟರೆ ಹಲವು ಪಟ್ಟು ಬೆಲೆಯ ಎಪಿಕ್ ರೈಜೆನ್‌ನ ಹಿಂದೆ ಬೀಳುತ್ತದೆ, ಮತ್ತು ಇದು ದೋಷವಲ್ಲ, ಉದ್ದೇಶಪೂರ್ವಕವಾಗಿ ಮಾಡಿಕೊಂಡ ಆಯ್ಕೆ. ಡೆಸ್ಕ್‌ಟಾಪ್ ಪ್ರೊಸೆಸರ್ ಕಾಯುತ್ತ ಕುಳಿತ ಒಬ್ಬ ವ್ಯಕ್ತಿಗೆ ಬೇಗ ಉತ್ತರಿಸಬೇಕು. ಸರ್ವರ್ ಪ್ರೊಸೆಸರ್ ಪ್ರತಿ ಯೂನಿಟ್ ವಿದ್ಯುತ್ತಿಗೆ ಅತಿ ಹೆಚ್ಚು ಮಂದಿಗೆ ಉತ್ತರಿಸಬೇಕು.

ಡೆಸ್ಕ್‌ಟಾಪಿನ ಈ ವೇಗದ ಓಟಕ್ಕೂ ಒಂದು ಬೆಲೆಯಿದೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಉನ್ನತ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕಾಲಕ್ರಮೇಣ ಅಸ್ಥಿರಗೊಂಡು ಕಂಪ್ಯೂಟರ್‌ಗಳು ಕುಸಿಯತೊಡಗಿದಾಗ, ಅತಿಯಾದ ವೋಲ್ಟೇಜ್ ಇದಕ್ಕೆ ಕಾರಣವೆಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಆ ವರ್ಷದ ಆಗಸ್ಟ್‌ನಲ್ಲಿ ಮೈಕ್ರೊಕೋಡ್ ಎಂಬ ಒಳತಂತ್ರಾಂಶದ ತಿದ್ದುಪಡಿಯನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಪೀಳಿಗೆಯ ಪ್ರೊಸೆಸರನ್ನು ಈಗ ಕೊಳ್ಳುವವರು ಈ ತಿದ್ದುಪಡಿಯನ್ನು ತಲುಪಿಸುವ ಬಯಾಸ್, ಅಂದರೆ ಮದರ್‌ಬೋರ್ಡಿನ ಮೂಲತಂತ್ರಾಂಶ, ಹೊಸದಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಕೋರ್ ಹೆಚ್ಚಿದಷ್ಟೂ ವೇಗ ಹೆಚ್ಚುವುದೇ?

ಕಂಪ್ಯೂಟರ್ ವಿಜ್ಞಾನಿ ಜೀನ್ ಆಮ್ದಾಲ್ 1967ರಲ್ಲಿ ಮಂಡಿಸಿದ ವಾದವೊಂದು ಈ ಪ್ರಶ್ನೆಗೆ ಇಂದಿಗೂ ಸರಿಯಾದ ಉತ್ತರ. ಯಾವುದೇ ಕೆಲಸದಲ್ಲಿ ಹಲವು ಕೋರ್‌ಗಳಿಗೆ ಹಂಚಬಹುದಾದ ಭಾಗವೂ, ಒಂದರ ನಂತರ ಒಂದಾಗಿಯೇ ನಡೆಯಬೇಕಾದ ಭಾಗವೂ ಇರುತ್ತವೆ. ಎಷ್ಟೇ ಕೋರ್ ಸೇರಿಸಿದರೂ ಎರಡನೆಯ ಭಾಗ ಕುಗ್ಗುವುದಿಲ್ಲ. ಒಂದು ಕೆಲಸದ ಶೇ. 90ರಷ್ಟನ್ನು ಹಂಚಬಹುದೆಂದು ಇಟ್ಟುಕೊಂಡರೆ, 16 ಕೋರ್‌ಗಳಿಂದ ಅದು 6.4 ಪಟ್ಟು ಬೇಗ ಮುಗಿಯುತ್ತದೆ, 64 ಕೋರ್‌ಗಳನ್ನು ಕೊಟ್ಟರೂ 8.8 ಪಟ್ಟನ್ನು ದಾಟುವುದಿಲ್ಲ, ಲೆಕ್ಕವಿಲ್ಲದಷ್ಟು ಕೋರ್‌ಗಳನ್ನು ಸುರಿದರೂ ಹತ್ತು ಪಟ್ಟಿನ ಮಿತಿಯನ್ನು ಮುಟ್ಟುವುದಿಲ್ಲ. ನಾಲ್ಕು ಪಟ್ಟು ಕೋರ್ ಕೊಂಡು ಒಂದೂವರೆ ಪಟ್ಟಿನಷ್ಟೂ ಲಾಭ ಕಾಣದ ಈ ವ್ಯವಹಾರವನ್ನು ಯಾವ ವ್ಯಾಪಾರಿಯೂ ಒಪ್ಪಲಾರ, ಆದರೆ ಪ್ರೊಸೆಸರ್ ಕೊಳ್ಳುವಾಗ ಬಹಳಷ್ಟು ಜನ ಒಪ್ಪುತ್ತಾರೆ.

ಅಕ್ಷರ ಜೋಡಣೆ, ಪುಟವಿನ್ಯಾಸ, ಸ್ಪ್ರೆಡ್‌ಶೀಟ್, ಬ್ರೌಸರ್, ಬಹುಪಾಲು ಆಟಗಳು, ಫೋಟೊ ತಿದ್ದುವ ತಂತ್ರಾಂಶದ ಹೆಚ್ಚಿನ ಕೆಲಸಗಳು ಕೆಲವೇ ವೇಗದ ಕೋರ್‌ಗಳನ್ನು ಬೇಡುತ್ತವೆ. ಆರೋ ಎಂಟೋ ಕೋರ್‌ಗಳಾದ ಮೇಲೆ ಅವುಗಳಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಮೂರು ಆಯಾಮದ ಚಿತ್ರಗಳ ರೆಂಡರಿಂಗ್, ದೊಡ್ಡ ತಂತ್ರಾಂಶದ ಕಂಪೈಲಿಂಗ್, ವೈಜ್ಞಾನಿಕ ಅನುಕರಣೆ ಇವು ಚೆನ್ನಾಗಿ ಹಂಚಿಹೋಗುವ ಕೆಲಸಗಳು. ಇವೆಲ್ಲಕ್ಕಿಂತ ಚೆನ್ನಾಗಿ ಹಂಚಿಹೋಗುವುದು ಪರಸ್ಪರ ಸಂಬಂಧವೇ ಇಲ್ಲದ ಕೆಲಸಗಳ ಗುಂಪು: ಒಂದೇ ಯಂತ್ರದಲ್ಲಿ ಇಪ್ಪತ್ತು ವರ್ಚುವಲ್ ಯಂತ್ರಗಳು, ಅಂದರೆ ತಂತ್ರಾಂಶದಿಂದ ಸೃಷ್ಟಿಸಿದ ಪ್ರತ್ಯೇಕ ಕಂಪ್ಯೂಟರ್‌ಗಳು ನಡೆಯುವಾಗ ಆಮ್ದಾಲ್ ಹೇಳಿದ ಅಡ್ಡಿ ಬಹುತೇಕ ಇರುವುದೇ ಇಲ್ಲ. ಸರ್ವರ್ ಪ್ರೊಸೆಸರ್‌ಗಳು ನೂರರ ಗಡಿ ದಾಟಿ, 2024ರ ಅಕ್ಟೋಬರ್‌ನಲ್ಲಿ ಬಂದ ಎಪಿಕ್ ಪೀಳಿಗೆಯಲ್ಲಿ 192 ಕೋರ್‌ಗಳನ್ನು ಮುಟ್ಟಿರುವುದು ಇಂಥ ಕೆಲಸಗಳಿಗಾಗಿ.

ಮೆಮೊರಿಯ ಮೂರು ಪ್ರಶ್ನೆಗಳು

ಎರಡು ಬಗೆಗಳ ನಡುವಿನ ನಿಜವಾದ ಅಂತರ ಕೋರ್‌ಗಳಲ್ಲಿರುವುದಕ್ಕಿಂತ ಮೆಮೊರಿಯಲ್ಲಿದೆ ಎಂದರೆ ತಪ್ಪಾಗದು. ಪ್ರೊಸೆಸರ್ ಮತ್ತು ಮೆಮೊರಿಯ ನಡುವೆ ದತ್ತಾಂಶ ಹರಿಯುವ ಮಾರ್ಗಕ್ಕೆ ಚಾನೆಲ್ ಎಂದು ಹೆಸರು. ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎರಡೇ ಚಾನೆಲ್. ಮೇಲೆ ಹೇಳಿದ ಎಪಿಕ್‌ಗೆ ಹನ್ನೆರಡು. ಕೆರೆ ಎಷ್ಟೇ ದೊಡ್ಡದಿದ್ದರೂ ತೂಬಿನ ಅಗಲದಷ್ಟೇ ನೀರು ಗದ್ದೆಗೆ ಇಳಿಯುವಂತೆ, ಮೆಮೊರಿಯ ಗಾತ್ರ ಎಷ್ಟಿದ್ದರೂ ಕೋರ್‌ಗಳಿಗೆ ತಲುಪುವುದು ಚಾನೆಲ್‌ಗಳು ಬಿಟ್ಟಷ್ಟೇ. ಲೆಕ್ಕ ಹೀಗೆ: 7950ಎಕ್ಸ್ ತನ್ನ ಅಧಿಕೃತ ಮೆಮೊರಿ ವೇಗದಲ್ಲಿ ಸೆಕೆಂಡಿಗೆ ಗರಿಷ್ಠ 83.2 ಗಿಗಾಬೈಟ್, ಎಪಿಕ್ 9654 ಸೆಕೆಂಡಿಗೆ ಗರಿಷ್ಠ 460.8 ಗಿಗಾಬೈಟ್ ದತ್ತಾಂಶವನ್ನು ಸೆಳೆಯಬಲ್ಲದು. ಈ ಅಂಕಿಗಳನ್ನು ಕೋರ್‌ಗಳಿಗೆ ಹಂಚಿದರೆ ಕುತೂಹಲದ ಸಂಗತಿಯೊಂದು ಹೊರಬೀಳುತ್ತದೆ: ಡೆಸ್ಕ್‌ಟಾಪಿನ ಪ್ರತಿ ಕೋರ್‌ಗೆ 5.2, ಸರ್ವರಿನ ಪ್ರತಿ ಕೋರ್‌ಗೆ 4.8 ಗಿಗಾಬೈಟ್. ಅಂದರೆ ಕೋರ್‌ವಾರು ನೋಡಿದರೆ ಸರ್ವರ್ ಶ್ರೀಮಂತವೇನಲ್ಲ; ಅಷ್ಟೊಂದು ಕೋರ್‌ಗಳು ಹಸಿವಿನಿಂದ ಬಳಲದಂತೆ ನೋಡಿಕೊಳ್ಳಲು ಅಷ್ಟು ಚಾನೆಲ್‌ಗಳು ಅನಿವಾರ್ಯವಾದವು ಅಷ್ಟೆ.

ಆದರೂ ಈ ಅಗಲ ನೇರವಾಗಿ ಫಲಕೊಡುವ ಒಂದು ಕೆಲಸ ಇತ್ತೀಚೆಗೆ ಸಾಮಾನ್ಯರ ಮೇಜಿಗೂ ಬಂದಿದೆ: ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳನ್ನು ಸ್ವಂತ ಕಂಪ್ಯೂಟರಿನಲ್ಲೇ ನಡೆಸುವುದು. ಇಂಥ ಮಾದರಿ ಒಂದೊಂದು ಪದದ ತುಣುಕನ್ನು ಉತ್ಪಾದಿಸುವಾಗಲೂ ತನ್ನ ಸಂಖ್ಯೆಗಳೆಲ್ಲವನ್ನೂ ಮೆಮೊರಿಯಿಂದ ಒಮ್ಮೆ ಓದಬೇಕು. 7,000 ಕೋಟಿ ಸಂಖ್ಯೆಗಳ ಮಾದರಿಯೊಂದನ್ನು ಸಂಖ್ಯೆಗೊಂದು ಬೈಟ್‌ನಂತೆ ಇಟ್ಟರೆ 70 ಗಿಗಾಬೈಟ್ ಆಗುತ್ತದೆ. ಹಾಗಾಗಿ ಡೆಸ್ಕ್‌ಟಾಪಿನಿಂದ ಸೆಕೆಂಡಿಗೆ ಹೆಚ್ಚೆಂದರೆ ಒಂದು ತುಣುಕು, ಎಪಿಕ್‌ನಿಂದ ಆರು ತುಣುಕು ಹೊರಬರುತ್ತವೆ, ವಾಸ್ತವದಲ್ಲಿ ಅದಕ್ಕೂ ಕಡಿಮೆ. ಮಾದರಿ ಚಿಕ್ಕದಿದ್ದು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಯುವಂತಿದ್ದರೆ ಮಾತ್ರ ಈ ಚರ್ಚೆಯೇ ಬೇಡ: 24 ಗಿಗಾಬೈಟ್ ಮೆಮೊರಿಯ ಆರ್‌ಟಿಎಕ್ಸ್ 4090 ಕಾರ್ಡು ಸೆಕೆಂಡಿಗೆ ಸಾವಿರ ಗಿಗಾಬೈಟ್ ಓದುತ್ತದೆ, ಅದಕ್ಕೆ ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರ್ ಧಾರಾಳ ಸಾಕು.

ಮೆಮೊರಿಯ ಒಟ್ಟು ಗಾತ್ರ ಎರಡನೆಯ ಪ್ರಶ್ನೆ. ಡೆಸ್ಕ್‌ಟಾಪ್ ಮದರ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಲಾಟ್‌ಗಳಿದ್ದು ಇನ್ನೂರು ಗಿಗಾಬೈಟ್‌ನ ಆಸುಪಾಸಿಗೆ ಮಿತಿ ಮುಟ್ಟುತ್ತದೆ. ಸರ್ವರ್ ವೇದಿಕೆಗಳು ಟೆರಾಬೈಟ್‌ಗಳಲ್ಲಿ ಮಾತನಾಡುತ್ತವೆ. ಮನೆಯ ಬಳಕೆಗೆ 32, ವಿಡಿಯೊ ಸಂಪಾದನೆಗೆ 64 ಗಿಗಾಬೈಟ್ ಸಾಕಾಗುವಾಗ ಈ ಮಿತಿಯನ್ನು ಮುಟ್ಟುವವರು ವಿರಳ.

ಮೂರನೆಯದು ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ, ಆದರೆ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಪ್ರಶ್ನೆ: ಮೆಮೊರಿಯಲ್ಲಿರುವ ದತ್ತಾಂಶವನ್ನು ನಂಬಬಹುದೇ ಎಂಬುದು. ಬಾಹ್ಯಾಕಾಶದಿಂದ ಬರುವ ಕಿರಣಗಳಿಂದಲೋ, ಚಿಪ್‌ನ ದೌರ್ಬಲ್ಯದಿಂದಲೋ ಮೆಮೊರಿಯ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಾನಾಗಿ ಬದಲಾಗುವುದುಂಟು. 2003ರ ಬೆಲ್ಜಿಯಂ ಚುನಾವಣೆಯಲ್ಲಿ ಸ್ಖಾರ್‌ಬೇಕ್ ಎಂಬಲ್ಲಿ ಅಭ್ಯರ್ಥಿಯೊಬ್ಬರಿಗೆ ಅಸಾಧ್ಯವೆನ್ನುವಷ್ಟು ಮತಗಳು ಬಿದ್ದುದನ್ನು ಪರಿಶೀಲಿಸಿದಾಗ, ಹೆಚ್ಚುವರಿ ಮತಗಳು ಸರಿಯಾಗಿ 4,096 ಎಂದು ತಿಳಿದುಬಂತು. ಎರಡರ ಹನ್ನೆರಡನೆಯ ಘಾತವಾದ ಈ ಸಂಖ್ಯೆಯಿಂದಾಗಿ, ಒಂದೇ ಒಂದು ಬಿಟ್ ಮಗುಚಿಬಿದ್ದುದೇ ಕಾರಣವಿರಬೇಕೆಂದು ತಜ್ಞರು ನಿರ್ಣಯಿಸಿದರು. ಗೂಗಲ್ ಸಂಸ್ಥೆಯ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ, ವರ್ಷಕ್ಕೆ ಶೇ. 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ಸರಿಪಡಿಸಬಹುದಾದ ದೋಷ ಕಂಡುಬಂದುದನ್ನು ದಾಖಲಿಸಿದೆ.

ಸರಿಪಡಿಸುವ ತಂತ್ರದ ಮೂಲ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಗಣಿತದಲ್ಲಿದೆ. ಪ್ರತಿ 64 ಬಿಟ್ ದತ್ತಾಂಶದ ಜೊತೆಗೆ 8 ಬಿಟ್ ತಾಳೆಯ ಮಾಹಿತಿಯನ್ನು ಇಟ್ಟರೆ ಒಂದು ಬಿಟ್‌ನ ತಪ್ಪನ್ನು ತಿದ್ದಬಹುದು, ಎರಡು ಬಿಟ್‌ನ ತಪ್ಪನ್ನು ಪತ್ತೆಹಚ್ಚಬಹುದು. ಈ ಏರ್ಪಾಡಿರುವ ಮೆಮೊರಿಗೆ ಇಸಿಸಿ ಮೆಮೊರಿ ಎನ್ನುತ್ತಾರೆ. ಸರ್ವರ್ ಪ್ರೊಸೆಸರ್‌ಗಳಲ್ಲಿ ಇದು ಸಹಜವಾಗಿಯೇ ಇರುತ್ತದೆ. ಡೆಸ್ಕ್‌ಟಾಪಿನಲ್ಲಿ ಮಾತ್ರ ದೀರ್ಘಕಾಲ ಇದನ್ನು ಬೇಕೆಂದೇ ಮುಚ್ಚಿಡಲಾಯಿತು. ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ 2021ರಲ್ಲಿ ಇಂಟೆಲ್‌ನ ಈ ನೀತಿಯನ್ನು ಕಟುವಾಗಿ ಟೀಕಿಸಿದ್ದು ಸಕಾರಣವಾಗಿಯೇ ಇತ್ತು, ಏಕೆಂದರೆ ಇದು ತಾಂತ್ರಿಕ ಅಸಾಧ್ಯತೆಯಾಗಿರದೆ ಮಾರುಕಟ್ಟೆಯನ್ನು ಎರಡಾಗಿ ಸೀಳುವ ಉಪಾಯವಾಗಿತ್ತು. ಈಗ ಸ್ಥಿತಿ ಕೊಂಚ ಸುಧಾರಿಸಿದೆ: 12ನೆಯ ಪೀಳಿಗೆಯಿಂದೀಚೆಗೆ ಇಂಟೆಲ್‌ನ ಅನೇಕ ಕೋರ್ ಪ್ರೊಸೆಸರ್‌ಗಳು ಡಬ್ಲ್ಯು680ರಂಥ ಚಿಪ್‌ಸೆಟ್‌ನ ಮದರ್‌ಬೋರ್ಡಿನಲ್ಲಿ ಇಸಿಸಿಯನ್ನು ಒಪ್ಪುತ್ತವೆ, ಹಲವು ರೈಜೆನ್‌ಗಳೂ ಒಪ್ಪುತ್ತವೆ, ಆದರೆ ಆ ಅನುಕೂಲ ಮದರ್‌ಬೋರ್ಡ್ ತಯಾರಕರ ಮರ್ಜಿಯನ್ನು ಅವಲಂಬಿಸಿರುವುದರಿಂದ ಬೋರ್ಡಿನ ಕೈಪಿಡಿಯನ್ನು ಓದಿ ಖಚಿತಪಡಿಸಿಕೊಳ್ಳದೆ ಕೊಳ್ಳಬಾರದು. ಡಿಡಿಆರ್5 ಎಂಬ ಹೊಸ ಪೀಳಿಗೆಯ ಮೆಮೊರಿಯಲ್ಲಿ ಇಸಿಸಿ ಒಳಗೇ ಇದೆಯೆಂಬ ಜಾಹೀರಾತಿನ ಮಾತು ಅರ್ಧಸತ್ಯ. ಅದು ಚಿಪ್‌ನೊಳಗಿನ ತಪ್ಪನ್ನಷ್ಟೇ ತಿದ್ದುತ್ತದೆ, ಚಿಪ್‌ನಿಂದ ಪ್ರೊಸೆಸರಿಗೆ ಸಾಗುವ ದಾರಿಯಲ್ಲಿನ ತಪ್ಪನ್ನು ಕಾಯುವುದಿಲ್ಲ.

ಸರ್ವರ್‌ಗಳಲ್ಲಿ ಬಳಸುವ ಮೆಮೊರಿ ಬಹುಮಟ್ಟಿಗೆ ರಿಜಿಸ್ಟರ್ಡ್ ಎಂಬ ಬಗೆಯದು. ಅದರಲ್ಲಿ ಸಂಕೇತಗಳನ್ನು ಹಿಡಿದು ಮುಂದಕ್ಕೆ ದಾಟಿಸುವ ಪ್ರತ್ಯೇಕ ಚಿಪ್ ಇರುವುದರಿಂದ ಹೆಚ್ಚು ಪಟ್ಟಿಗಳನ್ನು ಜೋಡಿಸಬಹುದು. ಹಳೆಯ ಸರ್ವರ್‌ಗಳಿಂದ ಬಂದ ಹಿಂದಿನ ಪೀಳಿಗೆಯ ಇಂಥ ಡಿಡಿಆರ್4 ಪಟ್ಟಿ ಅಗ್ಗವಾಗಿ ಸಿಕ್ಕಿತೆಂದು ಕೊಂಡು ಡೆಸ್ಕ್‌ಟಾಪಿಗೆ ಹಾಕಿದರೆ, ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಕಂಪ್ಯೂಟರ್ ಮಾತ್ರ ಚಾಲೂ ಆಗುವುದಿಲ್ಲ. ಡಿಡಿಆರ್5ರಲ್ಲಿ ಪಟ್ಟಿಯ ಕಚ್ಚಿನ ಜಾಗವನ್ನೇ ಬದಲಾಯಿಸಿ ಈ ಗೊಂದಲಕ್ಕೆ ತೆರೆ ಎಳೆಯಲಾಗಿದೆ.

ಪ್ರೊಸೆಸರಿನ ಸುತ್ತಲಿನ ಸಂಗತಿಗಳು

ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ವೇಗದ ಜಾಲಕಾರ್ಡ್ ಮೊದಲಾದವು ಪ್ರೊಸೆಸರಿಗೆ ಜೋಡಣೆಯಾಗುವುದು ಪಿಸಿಐಇ ಎಂಬ ಸಂಪರ್ಕದ ಎಳೆಗಳ ಮೂಲಕ. ಗ್ರಾಫಿಕ್ಸ್ ಕಾರ್ಡಿಗೆ 16, ಎಸ್‌ಎಸ್‌ಡಿಗೆ 4 ಎಳೆಗಳು ಬೇಕೆಂದು ಹಿಡಿದರೆ, ಇಪ್ಪತ್ತರಿಂದ ಇಪ್ಪತ್ತೆಂಟು ಎಳೆಗಳಿರುವ ಡೆಸ್ಕ್‌ಟಾಪ್ ಪ್ರೊಸೆಸರ್ ಒಂದು ಕಾರ್ಡು, ಒಂದೆರಡು ಎಸ್‌ಎಸ್‌ಡಿಗೆ ತುಂಬಿಹೋಗುತ್ತದೆ. ಎಪಿಕ್‌ಗೆ 128 ಎಳೆಗಳು. ನಾಲ್ಕು ಗ್ರಾಫಿಕ್ಸ್ ಕಾರ್ಡ್ ಜೋಡಿಸಬೇಕೆನ್ನುವ ಸಂಶೋಧನಾಲಯಕ್ಕೆ ಇದೊಂದೇ ಕಾರಣ ಸಾಕು.

ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಬಹುಪಾಲಿಗೆ ಒಳಗೇ ಗ್ರಾಫಿಕ್ಸ್ ಘಟಕವಿದ್ದು, ಇಂಟೆಲ್‌ನದು ವಿಡಿಯೊವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವುದರಲ್ಲಿ ಹೆಸರುವಾಸಿ. ದೊಡ್ಡ ಸರ್ವರ್ ಪ್ರೊಸೆಸರ್‌ಗಳಲ್ಲಿ ಅದಿಲ್ಲ. ಅದರ ಬದಲು ಸರ್ವರ್ ಮದರ್‌ಬೋರ್ಡಿನಲ್ಲಿ ಬಿಎಂಸಿ ಎಂಬ ಪುಟ್ಟ ನಿಯಂತ್ರಕ ಇರುತ್ತದೆ. ಅದು ಮುಖ್ಯ ಯಂತ್ರ ಆಫ್ ಆಗಿದ್ದರೂ ಎಚ್ಚರವಾಗಿದ್ದು, ದೂರದಿಂದಲೇ ಯಂತ್ರವನ್ನು ಚಾಲೂ ಮಾಡಲು, ಪರದೆ ನೋಡಲು, ಕಾರ್ಯಾಚರಣ ವ್ಯವಸ್ಥೆಯನ್ನು ಮರುಸ್ಥಾಪಿಸಲು ಅವಕಾಶ ಕೊಡುತ್ತದೆ. ಶಾಖೆ ಒಂದು ಊರಿನಲ್ಲಿ, ತಂತ್ರಜ್ಞರು ಇನ್ನೊಂದು ಊರಿನಲ್ಲಿ ಇರುವ ಸಂಸ್ಥೆಗೆ ಇದು ಹತ್ತು ಹೆಚ್ಚುವರಿ ಕೋರ್‌ಗಳಿಗಿಂತ ಉಪಯುಕ್ತ.

ಅಗ್ಗದ ಜಿಯಾನ್‌ನ ಲೆಕ್ಕಾಚಾರ

ಒಂದು ಕಾಲದಲ್ಲಿ ಜಿಯಾನ್ ಕೊಳ್ಳುವುದು ನಿಜಕ್ಕೂ ಜಾಣತನವಾಗಿತ್ತು. ಜಿಯಾನ್ ಇ3-1231 ವಿ3 ಎಂಬ ನಾಲ್ಕು ಕೋರ್‌ಗಳ ಪ್ರೊಸೆಸರ್ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿನಲ್ಲೇ ಕೂರುತ್ತಿತ್ತು. ಗ್ರಾಫಿಕ್ಸ್ ಘಟಕವಿಲ್ಲ ಎಂಬುದನ್ನು ಬಿಟ್ಟರೆ ಅದು ಆಗಿನ ಕೋರ್ ಐ7ಗೆ ಬಹುತೇಕ ಸಮಾನವಾಗಿದ್ದು ಬೆಲೆ ಕಡಿಮೆಯಿತ್ತು. ಈ ದಾರಿಯನ್ನು ಇಂಟೆಲ್ 2015ರಲ್ಲಿ ಮುಚ್ಚಿತು. ಆ ವರ್ಷದ ಇ3 ಪೀಳಿಗೆಯಿಂದ ಮುಂದಕ್ಕೆ ಜಿಯಾನ್‌ಗೆ ಪ್ರತ್ಯೇಕ ಚಿಪ್‌ಸೆಟ್‌ನ ಬೋರ್ಡು ಕಡ್ಡಾಯವಾಯಿತು.

ಇಂದು ಪೇಟೆಯಲ್ಲಿ ಹೆಚ್ಚು ಕಾಣುವುದು 2016ರ ಜಿಯಾನ್ ಇ5-2680 ವಿ4 ಮತ್ತು ಅದರ ಸೋದರರು, ಜೊತೆಗೆ ಎಕ್ಸ್99 ಎಂಬ ಹೆಸರಿನಲ್ಲಿ ಚೀನಾದಿಂದ ಬರುವ ಮದರ್‌ಬೋರ್ಡುಗಳು. ಕಾಗದದ ಮೇಲೆ ಅದರ ಗುಣಗಳು ಆಕರ್ಷಕ: 14 ಕೋರ್, 28 ಥ್ರೆಡ್, 35 ಮೆಗಾಬೈಟ್ ಕ್ಯಾಶ್, ನಾಲ್ಕು ಚಾನೆಲ್ ಮೆಮೊರಿ, 40 ಪಿಸಿಐಇ ಎಳೆ. ಥ್ರೆಡ್ ಎಂದರೆ ಒಂದು ಕೋರ್ ಏಕಕಾಲಕ್ಕೆ ನಿಭಾಯಿಸುವ ಆದೇಶಸರಣಿ, ಕ್ಯಾಶ್ ಎಂದರೆ ಪ್ರೊಸೆಸರಿನೊಳಗೇ ಇರುವ ಚುರುಕಾದ ಸಣ್ಣ ಮೆಮೊರಿ. ಆದರೆ ಈ ಪ್ರೊಸೆಸರಿನ ಗರಿಷ್ಠ ವೇಗ 3.3 ಗಿಗಾಹರ್ಟ್ಸ್, ಅದೂ ಹಳೆಯ ಪೀಳಿಗೆಯ ಕೋರ್‌ನಲ್ಲಿ. 2022ರ ಆರಂಭದಲ್ಲಿ ಬಂದ, ಆರೇ ಕೋರ್‌ಗಳ ಮಧ್ಯಮ ದರ್ಜೆಯ ಕೋರ್ ಐ5-12400 ಒಂಟಿ ಕೋರ್‌ನ ಕೆಲಸದಲ್ಲಿ ಇದರ ಇಮ್ಮಡಿಯ ಸಮೀಪಕ್ಕೆ ಬರುತ್ತದೆ, ಎಲ್ಲ ಕೋರ್‌ಗಳೂ ದುಡಿಯುವ ಕೆಲಸದಲ್ಲೂ ಸರಿಸಮನಾಗಿ ನಿಲ್ಲುತ್ತದೆ. ಹದಿನಾಲ್ಕನ್ನು ಆರು ಸರಿಗಟ್ಟುವುದಾದರೆ ಕೋರ್‌ಗಳ ಎಣಿಕೆಯನ್ನು ನೋಡಿ ಕೊಳ್ಳುವುದರಲ್ಲಿ ಏನು ಅರ್ಥವೆಂಬುದನ್ನು ಗ್ರಾಹಕರೇ ಊಹಿಸಬಹುದು.

ತಂತ್ರಾಂಶದ ತೊಡಕು ಬೇರೆಯಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇ5 ಸರಣಿಯ ಜಿಯಾನ್‌ಗಳಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಬಳಸುವವರಿಗೆ ಈ ತೊಂದರೆಯಿಲ್ಲ, ಮತ್ತು ಅಗ್ಗದ ಹಳೆಯ ಜಿಯಾನ್ ಈಗಲೂ ಸಾರ್ಥಕವಾಗುವುದು ಅವರಿಗೇ: ವರ್ಚುವಲ್ ಯಂತ್ರಗಳನ್ನು ಕಟ್ಟಿ ಕೆಡವುತ್ತ ಜಾಲ ನಿರ್ವಹಣೆ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ 128 ಗಿಗಾಬೈಟ್ ಇಸಿಸಿ ಮೆಮೊರಿಯ ಹಳೆಯ ಯಂತ್ರ ಒಳ್ಳೆಯ ಪ್ರಯೋಗಶಾಲೆ, ಆದರೆ ಅದು ಬೇಕಾದಾಗಷ್ಟೇ ಚಾಲೂ ಆಗಬೇಕು.

ಹಾಗೆ ಹೇಳಲು ವಿದ್ಯುತ್ತಿನ ಲೆಕ್ಕ ಕಾರಣ. ಸದಾ 100 ವ್ಯಾಟ್ ಸೆಳೆಯುವ ಯಂತ್ರವೊಂದು ತಿಂಗಳಿಗೆ 72 ಯೂನಿಟ್, ವರ್ಷಕ್ಕೆ 876 ಯೂನಿಟ್ ನುಂಗುತ್ತದೆ. ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ 5,256 ರೂಪಾಯಿ. ಎರಡು ಜಿಯಾನ್‌ಗಳಿರುವ ಹಳೆಯ ರ‍್ಯಾಕ್ ಸರ್ವರ್ ಯಾವ ಕೆಲಸವನ್ನೂ ಮಾಡದೆ ಸುಮ್ಮನಿದ್ದಾಗಲೂ ಈ ಮಟ್ಟದಲ್ಲಿ ಸೆಳೆಯುವುದು ಅಪರೂಪವಲ್ಲ. ಕರ್ನಾಟಕದ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯಡಿ ಬರುವ ಮನೆಗಳಲ್ಲಿ ಇದರ ಪೆಟ್ಟು ಇನ್ನೂ ಹೆಚ್ಚು, ಏಕೆಂದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ರ‍್ಯಾಕ್ ಸರ್ವರ್‌ಗಳ ಪುಟ್ಟ ಫ್ಯಾನುಗಳ ಸದ್ದು ಮಲಗುವ ಕೋಣೆಗೂ ಓದುವ ಕೋಣೆಗೂ ಒಗ್ಗುವಂಥದಲ್ಲ; ಈ ಸರ್ವರ್‌ಗಳಿಗೆ ಶಿಫಾರಸು ಮಾಡುವ ಕೊಠಡಿಯ ಉಷ್ಣತೆ 18ರಿಂದ 27 ಡಿಗ್ರಿ, ಬೇಸಗೆಯಲ್ಲಿ 40 ಡಿಗ್ರಿ ಮೀರುವ ರಾಯಚೂರು, ಕಲಬುರಗಿಗಳಲ್ಲಿ ಏ.ಸಿ. ಇಲ್ಲದೆ ಅದು ಸಾಧ್ಯವಾಗದು.

ಯಾರಿಗೆ ಯಾವುದು

ಮನೆ, ಕಚೇರಿ, ಮುದ್ರಣಾಲಯದ ಪುಟವಿನ್ಯಾಸ, ವಿಡಿಯೊ ಸಂಪಾದನೆ, ಆಟ, ಪ್ರೋಗ್ರಾಮಿಂಗ್ ಕಲಿಕೆ ಇವೆಲ್ಲಕ್ಕೂ ಡೆಸ್ಕ್‌ಟಾಪ್ ಪ್ರೊಸೆಸರ್ ಸಾಕು ಎನ್ನುವುದಕ್ಕಿಂತ, ಅದೇ ಮೇಲು ಎನ್ನಬೇಕು. ಮನೆಮಂದಿಯ ಫೋಟೊ, ಚಲನಚಿತ್ರಗಳನ್ನು ಒಂದೆಡೆ ಇಟ್ಟು ಎಲ್ಲ ಫೋನುಗಳಿಗೂ ಹಂಚುವ ಮನೆಯ ಸರ್ವರ್ ಕಟ್ಟುವವರೂ ಹೆಸರಿಗೆ ಮರುಳಾಗಿ ಜಿಯಾನ್ ಹುಡುಕಬೇಕಿಲ್ಲ. 6 ವ್ಯಾಟ್ ಶಾಖಮಿತಿಯ ಇಂಟೆಲ್ ಎನ್100ರಂಥ ಪುಟ್ಟ ಪ್ರೊಸೆಸರ್ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ದೊಡ್ಡ ರೆಂಡರಿಂಗ್ ಸ್ಟುಡಿಯೊ, ಸಂಶೋಧನಾಲಯಗಳಿಗೆ ನಡುವಿನ ದರ್ಜೆಯೊಂದಿದೆ: ಎಎಂಡಿಯ ಥ್ರೆಡ್‌ರಿಪ್ಪರ್, ಇಂಟೆಲ್‌ನ ಜಿಯಾನ್ ಡಬ್ಲ್ಯು. ಹೆಚ್ಚು ಕೋರ್, ಹೆಚ್ಚು ಚಾನೆಲ್, ಹೆಚ್ಚು ಎಳೆಗಳ ಜೊತೆಗೆ ಸಾಕಷ್ಟು ವೇಗವನ್ನೂ ಉಳಿಸಿಕೊಂಡಿರುವ ಈ ವರ್ಕ್‌ಸ್ಟೇಷನ್ ಪ್ರೊಸೆಸರ್‌ಗಳ ಬೆಲೆಯೂ ಅದಕ್ಕೆ ತಕ್ಕಂತಿದೆ.

ಹೆಚ್ಚು ಯೋಚಿಸಬೇಕಾದವರು ಸಣ್ಣ ಸಂಸ್ಥೆಗಳವರು. ಹತ್ತು ಮಂದಿ ನೌಕರರು ಒಂದೇ ಲೆಕ್ಕಪತ್ರದ ದತ್ತಾಂಶದ ಮೇಲೆ ಕೆಲಸ ಮಾಡುವ ಸಹಕಾರ ಸಂಘಕ್ಕೋ, ರೋಗಿಗಳ ದಾಖಲೆ ಇಡುವ ನರ್ಸಿಂಗ್ ಹೋಮ್‌ಗೋ ನೂರು ಕೋರ್ ಬೇಡ, ಆದರೆ ತಪ್ಪು ನುಸುಳದ ಮೆಮೊರಿ ಬೇಕು, ದೂರನಿಯಂತ್ರಣ ಬೇಕು, ಐದಾರು ವರ್ಷ ಬಿಡಿಭಾಗ ಸಿಗಬೇಕು. ಇಂಥವರಿಗಾಗಿಯೇ ಕಂಪನಿಗಳು ಡೆಸ್ಕ್‌ಟಾಪಿನ ಪ್ರೊಸೆಸರಿಗೆ ಸರ್ವರ್‌ನ ಗುಣಗಳನ್ನು ಸೇರಿಸಿ ಮಾರುತ್ತವೆ. ಎಎಂಡಿ 2024ರ ಮೇ ತಿಂಗಳಲ್ಲಿ ತಂದ ಎಪಿಕ್ 4004 ಸರಣಿಯ 4564ಪಿ, ಕೋರ್‌ಗಳ ಸಂಖ್ಯೆಯಲ್ಲೂ ವೇಗದಲ್ಲೂ ಶಾಖಮಿತಿಯಲ್ಲೂ ರೈಜೆನ್ 9 7950ಎಕ್ಸ್‌ನ ಪಡಿಯಚ್ಚು. ಕೂರುವ ಸಾಕೆಟ್ ಕೂಡ ಒಂದೇ. ಇಂಟೆಲ್‌ನ ಜಿಯಾನ್ ಇ ಸರಣಿಯದೂ ಇದೇ ಕಥೆ. ಇಂಥ ಪ್ರೊಸೆಸರ್, 32 ಅಥವಾ 64 ಗಿಗಾಬೈಟ್ ಇಸಿಸಿ ಮೆಮೊರಿ, ಬಿಎಂಸಿ ಇರುವ ಬೋರ್ಡು, ಒಂದು ಒಳ್ಳೆಯ ಯುಪಿಎಸ್ ಮತ್ತು ನಿತ್ಯದ ಬ್ಯಾಕಪ್ ಇದ್ದರೆ ಸಣ್ಣ ಸಂಸ್ಥೆಯ ಅಗತ್ಯ ತೀರುತ್ತದೆ. ವಿಂಡೋಸ್ ಸರ್ವರ್ ಬಳಸುವುದಾದರೆ ಪರವಾನಗಿಯನ್ನು ಕೋರ್‌ಗಳ ಲೆಕ್ಕದಲ್ಲಿ, ಕನಿಷ್ಠ 16 ಕೋರ್‌ಗಳಿಗೆ ಕೊಳ್ಳಬೇಕಾಗುವುದರಿಂದ, ಬೇಡದ ಕೋರ್‌ಗಳು ತಂತ್ರಾಂಶದ ಖರ್ಚನ್ನೂ ಏರಿಸುತ್ತವೆ ಎಂಬುದು ನೆನಪಿರಲಿ.

ಬಳಸಿದ ಸರ್ವರ್ ಭಾಗಗಳನ್ನೇ ಕೊಳ್ಳಲು ನಿರ್ಧರಿಸಿದವರು ಕೆಲವು ಸಂಗತಿಗಳನ್ನು ಮೊದಲೇ ಪರೀಕ್ಷಿಸಬೇಕು. ಕೆಲವು ಬ್ರಾಂಡೆಡ್ ಸರ್ವರ್‌ಗಳಲ್ಲಿ ಒಮ್ಮೆ ಚಾಲೂ ಆದ ಎಪಿಕ್ ಪ್ರೊಸೆಸರ್ ಭದ್ರತೆಯ ಕಾರಣಕ್ಕೆ ಆ ತಯಾರಕರ ಬೋರ್ಡುಗಳಿಗೇ ಶಾಶ್ವತವಾಗಿ ಬೀಗ ಹಾಕಿಕೊಂಡಿರುತ್ತದೆ, ಬೇರೆ ಬೋರ್ಡಿನಲ್ಲಿ ಅದು ಏಳುವುದೇ ಇಲ್ಲ. ಮಾರುವವರಿಂದ ಬೀಗವಿಲ್ಲವೆಂದು ಬರೆಸಿಕೊಳ್ಳುವುದು ಕ್ಷೇಮ. ತಯಾರಿಕೆಯ ಹಂತದ ಪ್ರಾಯೋಗಿಕ ಮಾದರಿಗಳು ಇಎಸ್ ಎಂಬ ಗುರುತಿನಲ್ಲಿ ಮಾರಾಟಕ್ಕೆ ಬರುತ್ತವೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಅವುಗಳನ್ನು ಮುಟ್ಟಬಾರದು. ಮೆಮೊರಿಯನ್ನು ಮೆಮ್‌ಟೆಸ್ಟ್86ರಂಥ ತಂತ್ರಾಂಶದಿಂದ ಒಂದು ರಾತ್ರಿಯಿಡೀ ಪರೀಕ್ಷಿಸುವಷ್ಟು ಕಾಲಾವಕಾಶವನ್ನು, ದೋಷ ಕಂಡರೆ ವಾಪಸ್ ಪಡೆಯುವ ಒಪ್ಪಿಗೆಯನ್ನು ಹಣ ಕೊಡುವ ಮುನ್ನವೇ ಪಡೆಯಬೇಕು. ಹೊಸ ಪ್ರೊಸೆಸರ್ ಕೊಳ್ಳುವವರಿಗೂ ಒಂದು ಮಾತು: ಪೆಟ್ಟಿಗೆಯಲ್ಲಿ ಬರುವ ಇಂಟೆಲ್ ಪ್ರೊಸೆಸರಿಗೆ ಕಂಪನಿಯೇ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಕೊಡುತ್ತದೆ, ಪೆಟ್ಟಿಗೆಯಿಲ್ಲದೆ ಟ್ರೇ ಎಂದು ಮಾರುವ ಪ್ರೊಸೆಸರಿಗೆ ಹೊಣೆ ಅಂಗಡಿಯದು ಮಾತ್ರ, ಆದ್ದರಿಂದ ಜಿಎಸ್‌ಟಿ ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಟ್ರೇ ಪ್ರೊಸೆಸರ್ ಕೊಳ್ಳಬೇಡಿ.